ಬಾಗಿದ್ದು ಧಾರೆಯೋ, ಗೆರೆಯೋ?

ಆಕಾಶಕಾಯದಿಂದ ಚಿಮ್ಮುವ ದ್ರವ್ಯದ ಧಾರೆ, ಅಂದರೆ ಜೆಟ್, ರೇಡಿಯೊ ಚಿತ್ರದಲ್ಲಿ ಬಾಗಿ ಕಂಡರೆ ಸಾಕು, ‘ಗಾಳಿ ತಳ್ಳಿದೆ’ ಎಂಬ ವಿವರಣೆ ಸಿದ್ಧವಾಗಿರುತ್ತದೆ. ಐವತ್ತು ವರ್ಷಗಳಿಂದ ಗಟ್ಟಿಯಾಗಿ ನಿಂತ ವಿವರಣೆ ಅದು, ನನಗೂ ಪ್ರಿಯವಾದದ್ದು. ಆದರೆ ಕಂಡ ಬಾಗಿಗೆಲ್ಲ ಅದನ್ನೇ ಹಚ್ಚುವ ರೂಢಿಯನ್ನು ಒಪ್ಪಲಾರೆ.

ಮೊದಲು ಅದರ ಸತ್ವ. ಪರ್ಸಿಯಸ್ ಗೆಲಾಕ್ಸಿ ಗೊಂಚಲಿನ ಎನ್‌ಜಿಸಿ 1265ರಲ್ಲಿ ನಡುವಿನ ಕಪ್ಪುಕುಳಿಯ ಬಳಿಯಿಂದ ಎರಡು ಜೆಟ್‌ಗಳು ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಮುಂದೆ ಎರಡೂ ಒಂದೇ ಕಡೆಗೆ ಹೊರಳಿ, ಶಾಲೆಗೆ ಓಡುವ ಹುಡುಗಿಯ ಜೋಡಿ ಜಡೆಗಳಂತೆ ಹಿಂದಕ್ಕೆ ಚಾಚುತ್ತವೆ. ಗೊಂಚಲಿನ ತುಂಬ ಕೋಟಿಗಟ್ಟಲೆ ಡಿಗ್ರಿ ಬಿಸಿಯಾದ ತೆಳು ಅನಿಲವಿದೆ. ಅದರೊಳಗೆ ಗೆಲಾಕ್ಸಿ ಸೆಕೆಂಡಿಗೆ 2,000 ಕಿ.ಮೀ.ಗೂ ಮೀರಿದ ವೇಗದಲ್ಲಿ ನುಗ್ಗುತ್ತಿದೆ; ಎದುರಾಗುವ ಆ ಅನಿಲವೇ ಇಲ್ಲಿ ‘ಗಾಳಿ’. ಜೆಟ್ಟಿನ ದ್ರವ್ಯ ಆ ಅನಿಲಕ್ಕಿಂತಲೂ ತೆಳು, ಅದಕ್ಕೇ ಮಣಿಯುತ್ತದೆ. ಎರಡು ಬಾಗಿಗೂ ಒಂದೇ ಕಾರಣ: ಒಳ್ಳೆಯ ವಿವರಣೆಯ ಲಕ್ಷಣವೇ ಇದು.

ಈಗ ಗರುಡ ನಕ್ಷತ್ರಪುಂಜದ ಎಸ್‌ಎಸ್ 433 ಎಂಬ ಜೋಡಿ ನಕ್ಷತ್ರವನ್ನು ನೋಡಿ. ಅದರ ಜೆಟ್ ಸುರುಳಿ ಸುತ್ತಿದೆ, ಆದರೆ ಸುತ್ತಿಸಿದ್ದು ಗಾಳಿಯಲ್ಲ. ಜೆಟ್ ಹೊಮ್ಮುವ ಅಕ್ಷವೇ ವಾಲಿದ ಬುಗುರಿಯಂತೆ ಸುಮಾರು 162 ದಿನಕ್ಕೊಂದು ಸುತ್ತು ಬರುತ್ತದೆ. ಅಂಗಳದಲ್ಲಿ ಪೈಪು ಹಿಡಿದು ಆಚೀಚೆ ಆಡಿಸುತ್ತ ಗಿಡಗಳಿಗೆ ನೀರು ಬಿಡುವವರನ್ನು ತಾರಸಿಯಿಂದ ನೋಡಿದರೆ ನೀರಿನ ಗೆರೆ ಹಾವಿನಂತೆ ಬಳುಕುತ್ತದೆ. ಒಂದೊಂದು ಹನಿ ಮಾತ್ರ ಹೊರಟ ದಿಕ್ಕಿಗೇ ಸಾಗುತ್ತದೆ. ಇಲ್ಲಿಯೂ ಬೆಳಕಿನ ಕಾಲುಭಾಗದಷ್ಟು ವೇಗದಲ್ಲಿ ಹೋಗುವ ದ್ರವ್ಯ ನೇರವಾಗಿಯೇ ಹೋಗುತ್ತಿದೆ. ಬಾಗಿದ್ದು ಗೆರೆ, ಧಾರೆಯಲ್ಲ.

ನಿಜವಾಗಿ ಬಾಗಿದಾಗಲೂ ಗಾಳಿಯೊಂದೇ ಸಾಲದು. ಏಬೆಲ್ 3376 ಗೊಂಚಲಿನ ಎಂಆರ್‌ಸಿ 0600-399 ಗೆಲಾಕ್ಸಿಯ ಜೆಟ್‌ಗಳು ಥಟ್ಟನೆ ತಿರುಗಿ, ತಿರುವಿನಾಚೆಗೂ ಚದುರದೆ ಸಪುರವಾಗಿ ಮುಂದುವರಿಯುವುದನ್ನು ದಕ್ಷಿಣ ಆಫ್ರಿಕದ ಮೀರ್‌ಕ್ಯಾಟ್ ರೇಡಿಯೊ ದೂರದರ್ಶಕ ತೋರಿಸಿತು. ತಿರುವಿನಲ್ಲಿ ಮಸುಕಾದ ಹೊಳಪು ಎದುರು ದಿಕ್ಕಿಗೂ ಹರಡಿತ್ತು. ಗಾಳಿ ಬರೀ ಒಂದು ಕಡೆಗೆ ಗುಡಿಸುತ್ತದೆ. ಹೀಗಾಗಿ 2021ರಲ್ಲಿ ಸಂಶೋಧಕರು ಕಾರಣವನ್ನು ಅನಿಲದಂಚಿನ ಕಾಂತಕ್ಷೇತ್ರದಲ್ಲಿ ಕಂಡರು.

ಇನ್ನೊಂದು ಎಚ್ಚರವೂ ಬೇಕು. ಜೆಟ್ ನಮ್ಮತ್ತಲೇ ಮುಖ ಮಾಡಿದ್ದರೆ ಚಿಕ್ಕ ಓರೆಯೂ ಚಿತ್ರದಲ್ಲಿ ದೊಡ್ಡ ತಿರುವಾಗಿ ಕಾಣುತ್ತದೆ.

ಆದ್ದರಿಂದ ‘ಯಾವುದು ಬಾಗಿಸಿತು?’ ಎನ್ನುವ ಮೊದಲು ‘ಬಾಗಿದೆಯೇ?’ ಎಂದು ಕೇಳಬೇಕು. ಜೋಡಿ ಜೆಟ್‌ಗಳು ಒಂದೇ ಕಡೆಗೆ ಹೊರಳಿದ್ದರೆ ಗಾಳಿಯನ್ನು ಶಂಕಿಸೋಣ; ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಹೊರಳಿದ್ದರೆ ಬುಗುರಿಯನ್ನು ನೆನೆಯೋಣ. ಎರಡಕ್ಕೂ ಒಗ್ಗದ ಚಿತ್ರ ಸಿಕ್ಕಾಗ, ಹಳೆಯ ವಿವರಣೆಗೆ ಚಿತ್ರವನ್ನು ಬಗ್ಗಿಸದಿರೋಣ.