ಓಬವ್ವನ ನಾಡಿನ ಅಂಗನವಾಡಿ

1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭವಾಗಿ, ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರದಿಂದ ಹೊರಟು, ಕಾಲಕ್ರಮದಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಹಟ್ಟಿಗಳಿಗೂ ವ್ಯಾಪಿಸಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ವಿಮರ್ಶಿಸುವವರು ಬಹುಮಟ್ಟಿಗೆ ಅದರ ಅಂಗನವಾಡಿಗಳ ಆಹಾರವನ್ನೂ ಚುಚ್ಚುಮದ್ದನ್ನೂ ತೂಗಿನೋಡಿ ಸುಮ್ಮನಾಗುತ್ತಾರೆ; ಹೆಣ್ಣುಗಂಡುಗಳ ಸಮತೆಯನ್ನು ವಿಚಾರಿಸುವುದಿಲ್ಲ. ಹೆಣ್ಣುಮಗುವೂ ಗಂಡುಮಗುವೂ ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಪಾತ್ರೆಯ ಅನ್ನವನ್ನುಂಡು ಏಳುವುದನ್ನು ಕಂಡವರಿಗೆ ಇಲ್ಲಿ ಲಿಂಗಭೇದವಿಲ್ಲವೆಂದು ತೋರುವುದು ಸಹಜ. ಆ ಚಾಪೆಯು ಅಲ್ಪಸಾಧನೆಯೂ ಅಲ್ಲ. ಆದರೆ ಎಳೆಯ ಶಿಶುವು ಹೇಳಿದ್ದಕ್ಕಿಂತ ಕಂಡದ್ದನ್ನೇ ಹೆಚ್ಚಾಗಿ ಕಲಿಯುವುದರಿಂದ, ಅಲ್ಲಿ ಅದರ ಕಣ್ಣಿಗೆ ಬೀಳುವುದೇನೆಂದು ವಿಚಾರಿಸದೆ ತೀರ್ಪು ಕೊಡಲಾಗದು.

ಮೊದಲು ಗೋಡೆಯನ್ನೇ ನೋಡಬಹುದು. ಅಂಗಡಿಯಿಂದ ತಂದು ಅಂಟಿಸುವ ‘ನಮ್ಮ ಕುಟುಂಬ’ದ ಪಟಗಳಲ್ಲಿ ತಾಯಿ ಒಲೆಯ ಮುಂದೆ, ತಂದೆ ಪತ್ರಿಕೆ ಹಿಡಿದು ಕುರ್ಚಿಯಲ್ಲಿ; ಹೊಲದಲ್ಲಿ ಈರುಳ್ಳಿ ಕೀಳುವ, ಶೇಂಗಾ ಬಿಡಿಸುವ ತಾಯಿಯನ್ನು ನಿತ್ಯವೂ ಕಾಣುವ ಹಿರಿಯೂರು ಸೀಮೆಯ ಮಗುವಿಗೆ ಈ ಪಟವು ತನ್ನ ಮನೆಯನ್ನೇ ಸುಳ್ಳುಮಾಡಿ ತೋರಿಸುತ್ತದೆ. ಬೆಳವಣಿಗೆಯ ನಕ್ಷೆಗಳು ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ. ನಕ್ಷೆಗಳು ಪ್ರತ್ಯೇಕವಾಗಿರುವುದನ್ನು ಮಾತ್ರ ಆಕ್ಷೇಪಿಸುವುದು ತರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಸಮವಯಸ್ಕರಾದ ಹೆಣ್ಣುಗಂಡುಗಳ ತೂಕ ಭಿನ್ನವಾಗಿದ್ದು, ಒಂದೇ ಗೆರೆಯಿಂದ ಅಳೆದರೆ ಯಾರೋ ಒಬ್ಬರ ಕೊರತೆ ಮರೆಯಾದೀತು. (ಗುಲಾಬಿ, ನೀಲಿಗಳ ಬದಲು ಬೇರೆ ಬಣ್ಣಗಳಿದ್ದರೂ ನಷ್ಟವೇನೂ ಇರಲಿಲ್ಲ.) ತೂಕದಲ್ಲಿ ಸಲ್ಲುವ ಭೇದವು ಆಟಿಕೆಯ ಮೂಲೆಗೂ ನುಸುಳಿ, ಅಡುಗೆಪಾತ್ರೆಗಳು ಹುಡುಗಿಯರತ್ತಲೂ ಲಾರಿಚೆಂಡುಗಳು ಹುಡುಗರತ್ತಲೂ ಸರಿಯುವುದೇ ದೋಷ.

ಆಟಿಕೆಯಿಂದ ವೇಷಕ್ಕೆ ಬಂದರೆ, ಚಿತ್ರದುರ್ಗದ ಕೋಟೆಯನ್ನು ಒನಕೆಯಿಂದ ಕಾದ ಓಬವ್ವನ ಜಯಂತಿಯನ್ನು 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಚರಿಸುತ್ತಿದ್ದು, ದುರ್ಗದ ಸೀಮೆಯಲ್ಲಿ ಕಚ್ಚೆ ಬಿಗಿದು ಒನಕೆ ಹಿಡಿದ ಪುಟ್ಟ ಓಬವ್ವಂದಿರಿಗೆ ಕೊರತೆಯಿಲ್ಲ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದ ಆ ಗಳಿಗೆಯ ಶೌರ್ಯವನ್ನು ಹೆಣ್ಣುಮಕ್ಕಳಿಗೆ ತೊಡಿಸುವ ನಾವು, ಅದೇ ಒನಕೆಯನ್ನು ಹುಡುಗನ ಕೈಗಿತ್ತು ಭತ್ತ ಕುಟ್ಟುವ ಆಟವನ್ನು ಆಡಿಸುವುದಿಲ್ಲ. ಹೆಣ್ಣಿಗೆ ಅಪವಾದರೂಪವಾದ ವೀರತ್ವವನ್ನು ಕೊಡುವಷ್ಟು ಸುಲಭವಾಗಿ ಗಂಡಿಗೆ ನಿತ್ಯದ ಗೃಹಕೃತ್ಯವನ್ನು ಕೊಡಲು ನಮ್ಮ ಮನಸ್ಸು ಒಪ್ಪದು.

ಇವೆಲ್ಲಕ್ಕಿಂತ ಗುರುತರವಾದುದು ಅಂಗನವಾಡಿಯನ್ನು ನಡೆಸುವವರ ಸ್ಥಿತಿ. ಕಲಿಸುವವಳೂ ಬಡಿಸುವವಳೂ ಕಸಗುಡಿಸುವವಳೂ ಸ್ತ್ರೀಯೇ. ಶಿಶುಪಾಲನೆಯಲ್ಲಿ ತೊಡಗಿದ ಒಬ್ಬ ಪುರುಷನನ್ನೂ ಕಾಣದೆ ಮಗು ಶಾಲೆಗೆ ಹೋಗುತ್ತದೆ. ಅಂಗನವಾಡಿಯ ಕಾರ್ಯಕರ್ತೆಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಆಕೆ ಸರ್ಕಾರಿ ಹುದ್ದೆಯವಳಲ್ಲವೆಂದು 2006ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಮೊಕದ್ದಮೆಯಲ್ಲಿ ಮೇಲ್ಮನವಿ ಸಲ್ಲಿಸಿದ್ದು ನಮ್ಮ ಕರ್ನಾಟಕ ಸರ್ಕಾರವೇ. ಗ್ರಾಚ್ಯುಟಿಗೆ ಆಕೆ ಅರ್ಹಳೆಂಬ ತೀರ್ಪು ಅದೇ ನ್ಯಾಯಾಲಯದಿಂದ ಬರಲು 2022ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ಅಂಗನವಾಡಿಯ ಹೊರಗೂ ಶಿಶುಪಾಲನೆ ಹೆಣ್ಣಿನ ಪಾಲಿಗೇ. ಹೊತ್ತು ಮೂಡುವ ಮೊದಲೇ ತಾಯಿ ಕೂಲಿಗೆ ಹೊರಟ ಮನೆಯಲ್ಲಿ ಕೂಸನ್ನು ಸೊಂಟಕ್ಕೇರಿಸಿಕೊಳ್ಳುವವಳು ಅಕ್ಕನೇ ಹೊರತು ಅಣ್ಣನಲ್ಲ. ತಮ್ಮನ ಅಂಗನವಾಡಿಗೆ ಅವಳ ಶಾಲೆ ಶುಲ್ಕವಾಗುತ್ತದೆ. ಉದ್ಯೋಗ ಖಾತರಿಯಲ್ಲಿ ದುಡಿಯುವ ಸ್ತ್ರೀಯರ ಮಕ್ಕಳಿಗಾಗಿ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿತವಾದ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ಯು ಈ ಅಕ್ಕನನ್ನು ಬಿಡಿಸಬಲ್ಲ ಯೋಜನೆಯಾದ್ದರಿಂದ, ಪಟಗಳನ್ನು ಬದಲಾಯಿಸುವುದಕ್ಕಿಂತ ಮೇಲಾದ ಸುಧಾರಣೆಯೆಂದು ನನ್ನ ಅಭಿಪ್ರಾಯ. ಮೊದಲು ಹೆಸರಿಸಿದ ನಾಲ್ಕು ತಾಲ್ಲೂಕುಗಳ ಪಂಚಾಯಿತಿಗಳು ಅದರ ಬಾಗಿಲನ್ನು ಕಚೇರಿಯ ಗಡಿಯಾರಕ್ಕಲ್ಲದೆ ಕೂಲಿಯ ವೇಳೆಗೆ ತೆರೆಯಲಿ. ಖಾತರಿಯ ಕೆಲಸವಿಲ್ಲದ ಸುಗ್ಗಿಯ ದಿನಗಳಲ್ಲೂ ಮುಚ್ಚದಿರಲಿ.