ಪ್ರವಾಸಿಯ ನಾಲಗೆ: ಇಬ್ನ್ ಬತೂತನ ಹೊನ್ನಾವರವೂ ಕನಕದಾಸರ ಧಾನ್ಯಕಥೆಯೂ

ಮನೆಯಲ್ಲಿ ಒಲ್ಲೆನೆಂದು ಬದಿಗೆ ಸರಿಸಿದ ಆಹಾರವನ್ನೇ ಪರಸ್ಥಳದಲ್ಲಿ ‘ಇಲ್ಲಿಯ ವಿಶೇಷ’ವೆಂದು ಹೇಳಿ ಬಡಿಸಿದರೆ ಮನುಷ್ಯನು ಆದರದಿಂದ ಕೈ ಹಾಕುತ್ತಾನೆ. ಅಧ್ಯಾಪಕವೃತ್ತಿಯಲ್ಲಿರುವ ನಮಗೆ ಇದು ವರ್ಷವರ್ಷವೂ ಕಾಣುವ ಸಂಗತಿ. ಚಿಕ್ಕಬಾಣಾವರದ ವಿದ್ಯಾರ್ಥಿನಿಲಯಗಳಲ್ಲಿ ಮುದ್ದೆ ಮಾಡಿದ ದಿನ ಅನ್ನ ಬರುವವರೆಗೆ ಕಾದು ಕುಳಿತುಕೊಳ್ಳುವ ಹುಡುಗರು, ಅಧ್ಯಯನಪ್ರವಾಸದಲ್ಲಿ ಮಂಡ್ಯದ ದಾರಿಯ ಹೋಟೆಲನ್ನು ಹೊಕ್ಕೊಡನೆ ಅದೇ ಮುದ್ದೆಯನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ. ಅಗಿಯದೆ ನುಂಗುವ ಬಗೆಯನ್ನು ಬಡಿಸುವವನಿಂದ ಕಲಿಯುತ್ತಾರೆ. ಹಿಂದಿರುಗಿದ ಮರುದಿನ ಮತ್ತೆ ಅನ್ನಕ್ಕೆ ಕಾಯುತ್ತಾರೆ. ಹಿಟ್ಟೂ ಅದೇ, ನಾಲಗೆಯೂ ಅದೇ, ಬದಲಾದದ್ದು ಸ್ಥಳವೊಂದೇ.

ಇದನ್ನು ಲಘುವಾದ ವಿಷಯವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಚರಿತ್ರೆಯನ್ನು ಓದುವವರಿಗೆ ಪ್ರವಾಸಿಗಳ ಬರವಣಿಗೆ ಒಂದು ಮುಖ್ಯವಾದ ಆಕರ. ಹಿಂದಿನ ಕರ್ಣಾಟಕದ ಜನ ಏನನ್ನು ಉಣ್ಣುತ್ತಿದ್ದರು, ಹೇಗೆ ಉಣ್ಣುತ್ತಿದ್ದರು ಎಂಬುದನ್ನು ತಿಳಿಯಲು ನಾವು ಶಾಸನ ಕಾವ್ಯಗಳ ಜೊತೆಗೆ ಹೊರಗಿನಿಂದ ಬಂದವರ ಮಾತನ್ನೂ ಆಶ್ರಯಿಸುತ್ತೇವೆ. ಹಾಗಿರುವಾಗ, ಪ್ರವಾಸಿಯ ನಾಲಗೆ ಎಷ್ಟರಮಟ್ಟಿಗೆ ನಂಬತಕ್ಕ ಸಾಕ್ಷಿ ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಇಬ್ಬರು ವಿದೇಶೀಯರ ಬರಹಗಳನ್ನೂ ಒಂದು ಕನ್ನಡ ಕಾವ್ಯವನ್ನೂ ಈ ಪ್ರಶ್ನೆಯ ಬೆಳಕಿನಲ್ಲಿ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ನುನಿಜ್‌ನನ್ನು ತೆಗೆದುಕೊಳ್ಳೋಣ. ಪೋರ್ಚುಗಲ್ಲಿನ ಈ ಕುದುರೆಯ ವ್ಯಾಪಾರಿ 1535ರಿಂದ 1537ರವರೆಗಿನ ಸುಮಾರಿಗೆ ವಿಜಯನಗರದಲ್ಲಿದ್ದವನು. ಅವನ ವೃತ್ತಾಂತವನ್ನು ರಾಬರ್ಟ್ ಸಿವೆಲ್ 1900ರಲ್ಲಿ ತನ್ನ ಗ್ರಂಥದ ಮೂಲಕ ಇಂಗ್ಲಿಷ್ ಓದುಗರಿಗೆ ಒದಗಿಸಿದನು. ವಿಜಯನಗರದ ಅರಸರ ಆಹಾರವನ್ನು ಹೇಳುವಾಗ ನುನಿಜ್ ಒಂದು ಪಟ್ಟಿಯನ್ನು ಕೊಡುತ್ತಾನೆ. ಗೋವು ಎತ್ತುಗಳ ಮಾಂಸ ವರ್ಜ್ಯವೆಂದು ಆರಂಭಿಸಿ, ಕುರಿ, ಹಂದಿ, ಜಿಂಕೆ, ಮೊಲ, ನಾನಾ ಪಕ್ಷಿಗಳನ್ನು ದಾಟಿ, ಗುಬ್ಬಿ, ಇಲಿ, ಬೆಕ್ಕು, ಹಲ್ಲಿಗಳವರೆಗೆ ಬರುತ್ತಾನೆ. ಇವೆಲ್ಲವೂ ಪೇಟೆಯಲ್ಲಿ ದೊರೆಯುತ್ತಿದ್ದವೆಂದೂ, ಕೊಳ್ಳುವವನಿಗೆ ತಾನು ಕೊಳ್ಳುವುದೇನೆಂಬುದು ತಿಳಿಯಲೆಂದು ಜೀವಂತವಾಗಿಯೇ ಮಾರಬೇಕಾಗಿತ್ತೆಂದೂ ಹೇಳುತ್ತಾನೆ. ಕೊನೆಯ ಈ ಮಾತು ಬೆಲೆಯುಳ್ಳದ್ದು. ಅದು ಪೇಟೆಯ ಕಟ್ಟಳೆಯೊಂದನ್ನು ತಿಳಿಸುತ್ತದೆ. ಉಳಿದ ಪಟ್ಟಿಯಾದರೋ ಪರಿಚಿತವಾದುದರಿಂದ ಬೆರಗಿನ ಕಡೆಗೆ ಏರುತ್ತ ಹೋಗುವಂತೆ ಜೋಡಿಸಲ್ಪಟ್ಟಿದೆ. ಅದನ್ನು ಹೇಗೆ ಬೇಯಿಸುತ್ತಿದ್ದರು, ಯಾವ ಧಾನ್ಯದೊಡನೆ ಉಣ್ಣುತ್ತಿದ್ದರು ಎಂಬ ಮಾತೇ ಅದರಲ್ಲಿಲ್ಲ. ಇದು ಕಣ್ಣಿನ ಸಾಕ್ಷಿ. ನಾಲಗೆ ಇನ್ನೂ ಸಭೆಗೆ ಬಂದಿಲ್ಲ.

ಅದಕ್ಕೂ ಸುಮಾರು ಇನ್ನೂರು ವರ್ಷ ಹಿಂದೆ ನಮ್ಮ ಕರಾವಳಿಗೆ ಬಂದ ಇಬ್ನ್ ಬತೂತನ ರೀತಿ ಬೇರೆ. ಮೊರಾಕೋ ದೇಶದ ಟಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇವನು 1325ರಲ್ಲಿ ಮನೆ ಬಿಟ್ಟು, ದಿಲ್ಲಿಯ ತುಘಲಕನ ಆಸ್ಥಾನದಲ್ಲಿ ನ್ಯಾಯಾಧೀಶನಾಗಿದ್ದು, 1342ರ ಬಳಿಕ ಹೊನ್ನಾವರವನ್ನು ಸೇರಿದನು. ಅಲ್ಲಿಯ ಅಧಿಪತಿ ಜಮಾಲುದ್ದೀನನ ಮನೆಯ ಊಟವನ್ನು ಅವನು ಕ್ರಮವಾಗಿ ವರ್ಣಿಸಿದ್ದಾನೆ. ರೇಷ್ಮೆಯುಟ್ಟ ಸೇವಕಿಯೊಬ್ಬಳು ತಾಮ್ರದ ಸೌಟಿನಿಂದ ಅನ್ನವನ್ನು ಬಡಿಸಿ ತುಪ್ಪ ಹಾಕುತ್ತಾಳೆ. ಬದಿಯಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ಒಂದು ತುತ್ತು ಅನ್ನ, ಅದರ ಹಿಂದೆ ಒಂದಿಷ್ಟು ಉಪ್ಪಿನಕಾಯಿ. ಅನಂತರ ಕೋಳಿ, ಮೀನು, ತುಪ್ಪದಲ್ಲಿ ಬೆಂದ ತರಕಾರಿ, ಪ್ರತಿಯೊಂದಕ್ಕೂ ಮತ್ತೆ ಅನ್ನ. ಕಟ್ಟಕಡೆಗೆ ಮೊಸರು. ಅದು ಬಂತೆಂದರೆ ಇನ್ನು ಬೇರೇನೂ ಬರುವುದಿಲ್ಲವೆಂದು ತಿಳಿಯಬೇಕು. ಮಳೆಗಾಲವಾದುದರಿಂದ ಕುಡಿಯಲು ಬಿಸಿನೀರು. ಮೊಸರು ಬಂದಾಗ ಊಟ ಮುಗಿಯಿತೆಂದು ಇಂದಿಗೂ ತಿಳಿಯುವ ನಮಗೆ ಈ ವರ್ಣನೆಯ ಪ್ರಾಮಾಣಿಕತೆಯನ್ನು ಬೇರೆಯವರು ಹೇಳಬೇಕಾದುದಿಲ್ಲ. ಉಪ್ಪಿನಕಾಯಿಯಲ್ಲಿ ಒಣಮೆಣಸಿನಕಾಯಿಯ ಸುಳಿವಿಲ್ಲದಿರುವುದೂ ಸರಿಯಾಗಿಯೇ ಇದೆ. ಅಮೆರಿಕ ಖಂಡದ ಆ ಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ಇಲ್ಲಿಗೆ ಬಂದದ್ದು 1498ರ ನಂತರ.

ಆದರೆ ನಮ್ಮ ಗಮನವನ್ನು ಹೆಚ್ಚಾಗಿ ಸೆಳೆಯುವುದು ಈ ವರ್ಣನೆಯ ಹಿಂದೆಯೇ ಬರುವ ಮಾತು. ಇನ್ನೊಂದು ಸಲ ಅದೇ ಅಧಿಪತಿಯ ಬಳಿ ಹನ್ನೊಂದು ತಿಂಗಳು ಇದ್ದಾಗ ತಾನು ರೊಟ್ಟಿಯ ಮುಖವನ್ನೇ ಕಾಣಲಿಲ್ಲವೆಂದು ಅವನು ಹೇಳುತ್ತಾನೆ. ಮಾಲ್ಡೀವ್ಸ್, ಸಿಂಹಳ, ಚೋಳಮಂಡಲ, ಮಲಬಾರುಗಳಲ್ಲಿ ಮೂರು ವರ್ಷ ಅನ್ನವನ್ನೇ ತಿಂದು, ಕೊನೆಗೆ ನೀರು ಕುಡಿಯದೆ ಅದು ಗಂಟಲಿನಲ್ಲಿ ಇಳಿಯದಂತಾಯಿತೆಂದೂ ಒಪ್ಪಿಕೊಳ್ಳುತ್ತಾನೆ. ಗೋಧಿಯ ನಾಡಿನವನ ಈ ಬೇಸರವನ್ನು ಕೆಲವರು ಕೃತಘ್ನತೆಯೆಂದು ಬಗೆಯಬಹುದು. ನಾವು ಹಾಗೆ ಭಾವಿಸುವುದಿಲ್ಲ. ಮೊದಲ ದಿನದ ಊಟವನ್ನು ಹೊಗಳುವುದು ಯಾವ ಅತಿಥಿಗೂ ಸುಲಭ. ಮುನ್ನೂರನೆಯ ದಿನದ ಊಟದ ಮಾತನ್ನು ಹೇಳಬಲ್ಲವನು ಅಲ್ಲಿ ಉಳಿದವನೊಬ್ಬನೇ. ಅಧಿಪತಿಯ ಅತಿಥಿಗೂ ಹನ್ನೊಂದು ತಿಂಗಳು ರೊಟ್ಟಿ ದೊರೆಯಲಿಲ್ಲವೆಂಬುದರಿಂದ ಅಂದಿನ ಕರಾವಳಿಯಲ್ಲಿ ಅನ್ನದ ಏಕಾಧಿಪತ್ಯ ಎಂತಹುದೆಂಬುದು ಸ್ಪಷ್ಟವಾಗುತ್ತದೆ. ತನಗೆ ಹಿಡಿಸದೆಂದು ಹೇಳಿದನೇ ಹೊರತು ಅನ್ನವನ್ನಾಗಲಿ ಉಣ್ಣುವವರನ್ನಾಗಲಿ ಅವನು ಹೀನವೆಂದು ಹೇಳಲಿಲ್ಲ. ಬೇಸರವನ್ನೂ ತಿರಸ್ಕಾರವನ್ನೂ ಬೇರ್ಪಡಿಸಿಕೊಂಡ ಈ ಸಮತೋಲ ಪ್ರವಾಸಸಾಹಿತ್ಯದಲ್ಲಿ ವಿರಳ.

ಅವನ ಸಾಕ್ಷ್ಯಕ್ಕೂ ಒಂದು ಮಿತಿಯುಂಟು. ಬಡಿಸಿದವಳ ರೇಷ್ಮೆಯನ್ನು ಕಂಡ ಅವನು, ಆಕೆ ಏನನ್ನು ಉಂಡಳೆಂದು ಕೇಳಲಿಲ್ಲ. ಅತಿಥಿಯ ಎಲೆಯ ಮೇಲೆ ಬಂದುದು ಮನೆಯ ಎಲ್ಲರ ಆಹಾರವಲ್ಲ. ಯಾವ ಧಾನ್ಯ ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಕೇಳಿದವರು ನಮ್ಮ ಕವಿ.

ಹದಿನಾರನೆಯ ಶತಮಾನದ ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ‘ರಾಮಧಾನ್ಯ ಚರಿತ್ರೆ’ಯನ್ನು ಸಾಮಾನ್ಯವಾಗಿ ಮೇಲು ಕೀಳುಗಳ ವಾದವೆಂದು ಓದುತ್ತಾರೆ. ಅದು ಸರಿಯೇ. ಆದರೆ ಕಥೆಯ ಆರಂಭದಲ್ಲಿರುವುದು ಒಬ್ಬ ಪ್ರಯಾಣಿಕನ ಊಟವೆಂಬುದನ್ನು ಮರೆಯಬಾರದು. ಲಂಕೆಯಿಂದ ಅಯೋಧ್ಯೆಗೆ ಹಿಂದಿರುಗುತ್ತಿರುವ ರಾಮನು ದಾರಿಯ ಆಶ್ರಮದಲ್ಲಿ ಋಷಿಗಳು ತಂದ ಭಕ್ಷ್ಯಗಳನ್ನು ಸವಿಯುತ್ತಾನೆ. ಅಷ್ಟಕ್ಕೆ ತೃಪ್ತನಾಗದೆ ಅವು ಯಾವ ಧಾನ್ಯಗಳಿಂದಾದುವೆಂಬುದರ ಕಡೆಗೆ ತಿರುಗುತ್ತಾನೆ. ಧಾನ್ಯಗಳು ಸಭೆಗೆ ಬರುತ್ತವೆ. ಗೌತಮನು ನರೆದಲೆಗವನ್ನು, ಎಂದರೆ ರಾಗಿಯನ್ನು, ಮೇಲೆಂದಾಗ ಭತ್ತಕ್ಕೆ ಕೋಪ ಬರುತ್ತದೆ. ಅರಸರ, ವಿಪ್ರರ, ಶುಭಕರ್ಮಗಳ ಧಾನ್ಯ ತಾನೆಂದು ಅದು ರಾಗಿಯನ್ನು ಹೀಯಾಳಿಸುತ್ತದೆ. ಉಳ್ಳವರ ಕಡೆಗೆ ನೋಡಿ ಬಡವರನ್ನು ಕಡೆಗಣಿಸುವುದು ನಿನ್ನ ಗುಣವೆಂದು ರಾಗಿ ಉತ್ತರ ಕೊಡುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ರಾಘವನು ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಇಲ್ಲಿ ವಿಮರ್ಶಕರು ಗಮನಿಸಬೇಕಾದ ಅಂಶವೊಂದಿದೆ. ರಾಮನು ರುಚಿ ನೋಡಿದವನಾದರೂ ರುಚಿಯಿಂದ ತೀರ್ಪು ಕೊಡುವುದಿಲ್ಲ. ಆರು ತಿಂಗಳ ಕಾಲವೇ ತೀರ್ಪು ಕೊಡುತ್ತದೆ. ಬರಗಾಲದಲ್ಲಿ ಜನರನ್ನು ಉಳಿಸಿದ್ದು ಯಾವುದೆಂಬುದೇ ಕವಿಯ ಒರೆಗಲ್ಲು; ನಾಲಗೆಗೆ ಇಷ್ಟವಾದುದು ಯಾವುದೆಂಬ ಪ್ರಶ್ನೆ ಅಲ್ಲಿ ಹಿಂದೆ ಸರಿಯುತ್ತದೆ. ಆದರೂ ಕಾವ್ಯದ ಕೊನೆ ನಮ್ಮಲ್ಲಿ ಒಂದು ಸಂದೇಹವನ್ನು ಉಳಿಸುತ್ತದೆ. ದಿನವೂ ಉಣ್ಣುವವರ ಹೊಟ್ಟೆಯನ್ನು ತುಂಬಿಸಿದ ಧಾನ್ಯಕ್ಕೆ ಗೌರವ ಬರಬೇಕಾದರೆ ಅತಿಥಿಯಾದ ಅರಸನ ಹೆಸರು ಬೇಕಾಯಿತು. 2023ನ್ನು ವಿಶ್ವಸಂಸ್ಥೆ ಕಿರುಧಾನ್ಯಗಳ ವರ್ಷವೆಂದು ಸಾರಿದ ಕಾಲಕ್ಕೆ ಪಟ್ಟಣದ ಅಂಗಡಿಗಳಲ್ಲಿ ರಾಗಿಗೆ ಬಂದ ಮರ್ಯಾದೆಯೂ ಇದೇ ಜಾತಿಯದು. ಮುದ್ದೆಯನ್ನೇ ಉಂಡು ಬೆಳೆದ ಹುಡುಗನು ಬುತ್ತಿಯನ್ನು ತೆರೆಯಲು ಸಂಕೋಚಪಡುವ ತರಗತಿಯಲ್ಲಿಯೇ ಅದು ‘ವಿಶೇಷ’ವೂ ಆಗಿದೆ.

ವಿಶೇಷವೆಂಬ ಈ ಮಾತನ್ನು ಚರಿತ್ರೆ ಅಷ್ಟು ಸುಲಭವಾಗಿ ಒಪ್ಪುವುದೂ ಇಲ್ಲ. ನಮ್ಮ ನೆಲದ ಧಾನ್ಯವೆಂದು ನಾವು ಹೆಮ್ಮೆಪಡುವ ರಾಗಿಯ ತೌರು ಪೂರ್ವ ಆಫ್ರಿಕದ ಎತ್ತರದ ನಾಡು; ಬಹು ಪ್ರಾಚೀನ ಕಾಲದಲ್ಲಿ ಅದು ಸಮುದ್ರ ದಾಟಿ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ತಳಿಯನ್ನೂ ಆಫ್ರಿಕದ ತಳಿಯನ್ನೂ ಕೂಡಿಸಿ ಪಡೆದ ‘ಇಂಡಾಫ್’ ರಾಗಿಯ ಹೆಸರಿನಲ್ಲಿಯೇ ಆ ಎರಡು ನೆಲಗಳೂ ಇವೆ. ಉಗಾಂಡದಲ್ಲಿ ರಾಗಿಹಿಟ್ಟಿನಿಂದ ಮಾಡುವ ‘ಕಲೊ’ ನಮ್ಮ ಮುದ್ದೆಯ ಹತ್ತಿರದ ನಂಟ. ಹೆಸರಘಟ್ಟದ ರಸ್ತೆಯ ಕಾಲೇಜುಗಳಿಗೆ ಆಫ್ರಿಕದಿಂದ ಓದಲು ಬರುವ ತರುಣರಲ್ಲಿ ಆ ಸೀಮೆಯವನೊಬ್ಬನಿದ್ದರೆ, ಅವನಿಗೆ ಚಿಕ್ಕಬಾಣಾವರದ ಮುದ್ದೆ ವಿಶೇಷವಾಗಿ ಕಾಣದೆ ಮನೆಯ ಊಟವಾಗಿಯೇ ಕಂಡೀತು.

ಈಗ ಆರಂಭದ ಪ್ರಶ್ನೆಗೆ ಹಿಂದಿರುಗೋಣ. ಪರಸ್ಥಳದಲ್ಲಿ ಒಲ್ಲದ ತುತ್ತನ್ನು ನುಂಗುವ ಗುಣವನ್ನು ನಾವು ಹಳಿಯುವುದಿಲ್ಲ. ಅದು ಆತಿಥ್ಯಕ್ಕೆ ಸಲ್ಲುವ ಮರ್ಯಾದೆ. ಆದರೆ ಅದನ್ನೇ ಉದಾರತೆಯೆಂದು ಎಣಿಸಿಕೊಳ್ಳುವುದು ಆತ್ಮವಂಚನೆ. ಮಣಿಪುರಕ್ಕೋ ನಾಗಾಲೆಂಡಿಗೋ ಹೋಗಿ ಹುದುಗು ಹಿಡಿದ ಮೀನಿನ ‘ನ್ಗಾರಿ’ಯನ್ನೂ ಸೋಯಾ ಅವರೆಯ ‘ಆಖುನಿ’ಯನ್ನೂ ರುಚಿ ನೋಡಿ ಬಂದು ಮೆಚ್ಚಿ ಮಾತನಾಡುವವರೇ, ಪಕ್ಕದ ಕೊಠಡಿಯ ವಿದ್ಯಾರ್ಥಿ ಅದನ್ನೇ ಬೇಯಿಸಿದಾಗ ವಾಸನೆಯ ದೂರನ್ನು ಮನೆಯ ಯಜಮಾನನಿಗೆ ಒಯ್ಯುವುದುಂಟು. ದಿಲ್ಲಿಯ ಬಾಡಿಗೆಮನೆಗಳಲ್ಲಿ ನಡೆಯುವ ಇಂತಹ ಕಥೆಯೇ 2019ರಲ್ಲಿ ‘ಆಖುನಿ’ ಎಂಬ ಚಲನಚಿತ್ರವಾಯಿತು. ಪ್ರವಾಸದಲ್ಲಿ ಆಹಾರ ಅವರದು, ನೆಲವೂ ಅವರದು; ನಾವು ನಾಳೆ ಹೊರಡುವವರು. ನೆರೆಮನೆಯಲ್ಲಾದರೋ ಅವರು ಉಳಿಯಲು ಬಂದವರು. ನಾಲಗೆಯ ಔದಾರ್ಯಕ್ಕೆ ನಿಜವಾದ ಪರೀಕ್ಷೆ ಆಗುವುದು ಅಲ್ಲಿ. ಆ ಪರೀಕ್ಷೆಯಲ್ಲಿ ತಿನ್ನಲೇಬೇಕೆಂಬ ನಿಯಮವಿಲ್ಲ. ಇಬ್ನ್ ಬತೂತನಂತೆ ತನಗೆ ಹಿಡಿಸದೆಂದು ಹೇಳಿಯೂ ಉಣ್ಣುವವರನ್ನು ಹೀನವೆನ್ನದಿದ್ದರೆ ಸಾಕು.

ಆದುದರಿಂದ ಪ್ರವಾಸಗ್ರಂಥಗಳನ್ನು ತರಗತಿಯಲ್ಲಿ ಓದಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಬರೆದವನು ಆ ಊಟವನ್ನು ಎಷ್ಟು ದಿನ ಉಂಡನು? ಅದನ್ನು ಬಡಿಸಿದವರು ತಾವು ಏನನ್ನು ಉಂಡರು? ಅದೇ ಊಟ ಅವನ ಊರಿಗೆ, ಅವನ ಬೀದಿಗೆ ಬಂದಿದ್ದರೆ ಅವನು ಏನೆನ್ನುತ್ತಿದ್ದನು? ಮೊದಲನೆಯದಕ್ಕೆ ಉತ್ತರ ಹಲವು ಗ್ರಂಥಗಳಲ್ಲಿ ದೊರೆಯುತ್ತದೆ. ಎರಡನೆಯದಕ್ಕೆ ಅಪರೂಪವಾಗಿ ದೊರೆಯುತ್ತದೆ. ಮೂರನೆಯದಕ್ಕೆ ಉತ್ತರವನ್ನು ಗ್ರಂಥದಲ್ಲಿ ಹುಡುಕುವ ಮೊದಲು ನಮ್ಮ ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ ಹುಡುಕಬೇಕಾಗಿದೆ.