ಬಿಚ್ಚಿ ನೋಡಬಹುದಾದ ಲ್ಯಾಪ್‌ಟಾಪ್

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಓದು, ಬರಹ, ಲೆಕ್ಕಪತ್ರಕ್ಕೆ ಯಾವ ಕಂಪ್ಯೂಟರ್ ತಗೊಳ್ಳಲಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಸೆಕೆಂಡ್ ಹ್ಯಾಂಡ್ ಲೆನೊವೊ ಥಿಂಕ್‌ಪ್ಯಾಡ್ ಟಿ480, ಅದರ ಮೇಲೆ ಲಿನಕ್ಸ್.

2018ರ ಯಂತ್ರ ಅದು. ಒಳಗೊಂದು ಬ್ಯಾಟರಿ, ಹಿಂಬದಿಯಲ್ಲಿ ಕಳಚಬಹುದಾದ ಇನ್ನೊಂದು. ಕರೆಂಟು ಹೋಗಿ ಹಿಂಬದಿಯದು ಬರಿದಾದರೆ, ಯಂತ್ರವನ್ನು ಆರಿಸದೆ, ತೆರೆದ ಕಡತ ಮುಚ್ಚದೆ ಬೇರೊಂದನ್ನು ಸಿಕ್ಕಿಸಬಹುದು. ಪದೇ ಪದೇ ಕರೆಂಟು ಹೋಗುವ ಊರಿನವರಿಗೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ. ತಳದ ಮುಚ್ಚಳ ತೆಗೆದರೆ ರ‍್ಯಾಮ್‌ಗೆ ಎರಡು ಸ್ಲಾಟ್, ಡಿಸ್ಕ್, ಫ್ಯಾನ್ ಎಲ್ಲವೂ ಕೈಗೆ ಸಿಗುತ್ತವೆ. ಬಿಚ್ಚುವ ಕ್ರಮವನ್ನು ಲೆನೊವೊ ಕೈಪಿಡಿಯಾಗಿ ಪ್ರಕಟಿಸಿದೆ. ಮರುವರ್ಷವೇ ಬಂದ ಟಿ490ರಲ್ಲಿ ಹಿಂಬದಿಯ ಬ್ಯಾಟರಿ ಹೋಯಿತು, ರ‍್ಯಾಮ್‌ನ ಒಂದು ಭಾಗ ಬೋರ್ಡಿಗೇ ಬೆಸುಗೆಯಾಯಿತು. ಇದನ್ನು ಪ್ರಗತಿ ಎನ್ನಲು ನನಗೆ ಮನಸ್ಸಿಲ್ಲ.

2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ಈ ನಡೆಗೆ ಒಳ್ಳೆಯ ಉತ್ತರ. ಅದರಲ್ಲಿ ಮದರ್‌ಬೋರ್ಡನ್ನೇ ಬದಲಿಸಿ ಹೊಸ ಪ್ರೊಸೆಸರ್‌ಗೆ ಹೋಗಬಹುದು. ಆದರೆ ರಿಪೇರಿ ಎನ್ನುವುದು ಯಂತ್ರದ ವಿನ್ಯಾಸದಲ್ಲಿ ಅರ್ಧ, ಹತ್ತಿರದ ಬಿಡಿಭಾಗ ಮತ್ತು ಬಲ್ಲ ಕೈಗಳಲ್ಲಿ ಇನ್ನರ್ಧ. ಥಿಂಕ್‌ಪ್ಯಾಡ್‌ನ ಕೀಬೋರ್ಡ್, ಬ್ಯಾಟರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ, ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸು. ಕೈಗಳಿಗಂತೂ ಇಲ್ಲಿ ಕೊರತೆಯಿಲ್ಲ. ವಿಸ್ಟ್ರಾನ್ ಕಟ್ಟಿದ, 2023ರಲ್ಲಿ ಟಾಟಾ ಪಾಲಾದ ನರಸಾಪುರದ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುವ ಜಿಲ್ಲೆ ಇದು. ಜೋಡಿಸಲು ಬಲ್ಲವರಿಗೆ ಬಿಚ್ಚಿ ಸರಿಪಡಿಸುವ ವಿದ್ಯೆಯೂ ದಕ್ಕಬೇಕು.

ಲಿನಕ್ಸ್ ಏಕೆ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಬಹುಪಾಲು ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಎಂಟನೇ ತಲೆಮಾರಿನ ಪ್ರೊಸೆಸರ್ ಇರುವ ಟಿ480 ಈ ಗೆರೆಯ ಒಳಗೇ ಇದೆ, ಗಟ್ಟಿಮುಟ್ಟಾದ ಟಿ470 ಹೊರಗೆ. ಲಿನಕ್ಸ್‌ನ ಡೆಬಿಯನ್, ಮಿಂಟ್ ಆವೃತ್ತಿಗಳಿಗೆ ಆ ಭೇದವಿಲ್ಲ. ಕೊರತೆಗಳೂ ಇವೆ. ಟಿ480ರ ಬೆರಳಚ್ಚು ಓದುಗಕ್ಕೆ ಲಿನಕ್ಸ್‌ನಲ್ಲಿ ಅಧಿಕೃತ ಡ್ರೈವರ್ ಇಲ್ಲ. ಚಾರ್ಜ್ ಮಾಡುವ ಟೈಪ್-ಸಿ ಪೋರ್ಟ್ ಬೋರ್ಡಿಗೆ ಬೆಸೆದದ್ದು, ಕೆಟ್ಟರೆ ನುರಿತವರೇ ಬೇಕು.

ನಿಜವಾದ ತೊಡಕು ಕನ್ನಡದ್ದು. ಟೈಪಿಂಗ್ ಕಷ್ಟವಲ್ಲ. ನುಡಿ ತಂತ್ರಾಂಶಕ್ಕೆ ಪಳಗಿದ ಬೆರಳಿಗೆ ಲಿನಕ್ಸ್‌ನ ಟೈಪಿಂಗ್ ಸಲಕರಣೆ ಐಬಸ್‌ನಲ್ಲಿ ಅದೇ ಕೆಜಿಪಿ ಕೀಲಿಮಣೆ ಸಿಗುತ್ತದೆ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್‌ನಲ್ಲೇ ಇವೆ. ಆದರೆ ತಾಲ್ಲೂಕು ಕಚೇರಿ ಸುತ್ತಲಿನ ಡಿಟಿಪಿ ಅಂಗಡಿಗಳ ಕ್ರಯಪತ್ರ, ಅರ್ಜಿ, ಲಗ್ನಪತ್ರಿಕೆಗಳು ಹಳೆಯ ನುಡಿ ಸಂಕೇತದಲ್ಲಿವೆ. ಆ ಫಾಂಟ್ ಇಲ್ಲದೆ ತೆರೆದರೆ ಒಂದಕ್ಷರವೂ ಓದಲಾಗದು. ತಪ್ಪು ಲಿನಕ್ಸ್‌ನದಲ್ಲ, ಯೂನಿಕೋಡ್ ಬಂದ ಮೇಲೂ ಆ ಸಂಕೇತವನ್ನು ಬಿಡದ ನಮ್ಮ ಕಚೇರಿಗಳದು. ಅರವಿಂದ ವಿ.ಕೆ. ಬರೆದ ಪರಿವರ್ತಕ ಪಠ್ಯವನ್ನು ಯೂನಿಕೋಡಿಗೆ ತರುತ್ತದೆ, ಪುಟವಿನ್ಯಾಸವನ್ನಲ್ಲ. ಸರ್ವೆ ನಂಬರು, ಹೆಸರು, ಒತ್ತಕ್ಷರಗಳನ್ನು ಮೂಲದ ಜೊತೆ ತಾಳೆ ನೋಡಲೇಬೇಕು.

ಆದ್ದರಿಂದ ಡಿಟಿಪಿಯವರು ಹಳೆಯ ಕಡತ ಮುಗಿಯುವವರೆಗೆ ಒಂದು ವಿಂಡೋಸ್ ಯಂತ್ರ ಉಳಿಸಿಕೊಳ್ಳಲಿ. ವಿದ್ಯಾರ್ಥಿಗಳು, ಮೇಷ್ಟ್ರುಗಳು ಹಿಂಜರಿಯಬೇಕಿಲ್ಲ. ಕೊಳ್ಳುವಾಗ ಟೈಪ್-ಸಿ ಪೋರ್ಟ್ ಅಲ್ಲಾಡುತ್ತದೆಯೇ ಎಂದು ನೋಡಿ, ಎರಡೂ ಬ್ಯಾಟರಿಗಳ ಸಾಮರ್ಥ್ಯ ಎಷ್ಟು ಉಳಿದಿದೆ ಎಂದು ಅಂಗಡಿಯವರ ಎದುರೇ ಪರೀಕ್ಷಿಸಿ ತನ್ನಿ.